ಬಾಕಿ ಬರೋತನಕ ಬಿಡಬ್ಯಾಡ

ಪಾಯ ತೋಡುವ ದಿನ ಮನೆಯ ಯಜಮಾನ ಗುತ್ತೇದಾರನಿಗೆ ಕುರ್ಚಿ ಹಾಕಿಸುತ್ತಾನೆ; ಮಾಳಿಗೆ ಮುಗಿದ ದಿನ ಅದೇ ಯಜಮಾನ ಊರಲ್ಲೇ ಇರುವುದಿಲ್ಲ. ಇದು ಒಂದು ಸಲ ಆದರೆ ಸಿಟ್ಟು ಬರುತ್ತದೆ, ಪ್ರತಿಸಲ ಆದರೆ ನಗು ಬರುತ್ತದೆ. ರಾಯಚೂರು, ಮಾನವಿ, ದೇವದುರ್ಗದ ಕಡೆ ನಾನು ಮನೆ ಕಟ್ಟಿಸುವ ಗುತ್ತಿಗೆ ಹಿಡಿಯುತ್ತಿದ್ದದ್ದು ನಿಜಾಮರ ಕಾಲದಲ್ಲಿ. ಎಲ್ಲೋ ಯುದ್ಧ ನಡೆದು ನಮ್ಮಲ್ಲಿ ಮೊಳೆ ಸಿಗುವುದೂ ಕಷ್ಟವಾಗಿತ್ತು. ಮೊಳೆ ಹೇಗೋ ಸಿಗುತ್ತಿತ್ತು, ಕೊನೆಯ ಕಂತು ಸಿಗುತ್ತಿರಲಿಲ್ಲ. ಅದು ಬರದಿದ್ದರೆ ಸಂತೆಗೆ ಮುಂಚೆ ನನ್ನ ಆಳುಗಳಿಗೆ ಕೂಲಿಯ ಬಟವಾಡೆ ಇಲ್ಲ. ಬಟವಾಡೆ ತಪ್ಪಿದರೆ ಅವರು ಬೇರೆ ಗುತ್ತೇದಾರನ ಹಿಂದೆ ಹೋಗುತ್ತಾರೆ, ಅಲ್ಲಿಗೆ ನನ್ನ ಗುತ್ತಿಗೆ ಮುಗಿಯಿತು.

ಅದಕ್ಕೇ ನಮ್ಮವರಲ್ಲಿ ಒಂದು ಪದ್ಧತಿ. ಕಟ್ಟಿದ ಮನೆಯದೇ ಏನಾದರೊಂದನ್ನು ಬಾಕಿ ಬರುವ ತನಕ ಹಿಡಿದಿಟ್ಟುಕೊಳ್ಳುವುದು. ಏನನ್ನು ಹಿಡಿಯಬೇಕು ಎಂಬುದರಲ್ಲೇ ಜಾಣತನವೆಲ್ಲ ಇರುವುದು. ನನಗೆ ಅದು ಎಷ್ಟಿತ್ತು ಎಂಬುದನ್ನು ನೀವೇ ನೋಡಿ.

ಮಾನವಿಯ ಬಾಗಿಲು

ಮಾನವಿಯಲ್ಲಿ ಒಬ್ಬ ಕಿರಾಣಿ ಸಾವುಕಾರರ ಮನೆ. ಮಾತು ಬೆಲ್ಲ, ಕೈ ಬಿಗಿ. ಗೋಡೆ ಎದ್ದು, ಮಾಳಿಗೆ ಮುಚ್ಚಿ, ಚೌಕಟ್ಟು ನಿಲ್ಲಿಸಿದ ಮೇಲೆ ಬಾಗಿಲುಗಳನ್ನು ಮಾತ್ರ ನನ್ನ ಬಿಡಾರದಲ್ಲೇ ಇಟ್ಟುಕೊಂಡೆ. ಬಾಗಿಲಿಲ್ಲದ ಮನೆಯಲ್ಲಿ ಯಾರು ಸಂಸಾರ ಮಾಡುತ್ತಾರೆ, ತಾವೇ ಓಡಿಬರುತ್ತಾರೆ ಎಂದುಕೊಂಡಿದ್ದೆ. ಸಾವುಕಾರರು ಮರುದಿನವೇ ಹೆಂಡತಿ ಮಕ್ಕಳ ಸಮೇತ ಒಳಗೆ ಸೇರಿ, ಚೌಕಟ್ಟಿಗೆ ಒಂದು ಕಂಬಳಿ ತೂಗುಹಾಕಿದರು. ನಾನು ಹೋಗಿ ಕಂಬಳಿಯ ಮುಂದೆ ನಿಂತು ಕೂಗಿದೆ.

"ಬಾಗಿಲಾ ಬ್ಯಾಡೇನ್ರಿ ಸಾವುಕಾರ್ರ?"

ಒಳಗಿನಿಂದ ಮಾತಷ್ಟೇ ಬಂತು. "ಯಾಕ್ರಿ ಬೇಕು? ಬಾಗಿಲಾ ಇದ್ರ ಬಾಕಿ ಕೇಳೋರು ಬಂದು ಬಡೀತಾರ. ಕಂಬಳಿ ಬಡದ್ರ ಸಪ್ಪಳಾನ ಬರೂದಿಲ್ಲ. ನಿದ್ದಿ ಛಲೋ ಆಗಾಕತ್ತದ."

ಕೊನೆಗೆ ನನ್ನ ಪಕ್ಷ ವಹಿಸಿದ್ದು ಓಣಿಯ ಒಂದು ಎಮ್ಮೆ. ಅದು ಕಂಬಳಿ ಸರಿಸಿಕೊಂಡು ಒಳಗೆ ಹೋಗಿ, ಸಾವುಕಾರರ ಹೆಂಡತಿ ಬೀಗರಿಗೆಂದು ಬಡಿದಿಟ್ಟ ರೊಟ್ಟಿಯ ಬುಟ್ಟಿಯನ್ನು ಖಾಲಿ ಮಾಡಿತು. ಆಯಮ್ಮ ಗಂಡನಿಗೆ ಏನಂದರೋ ನಾನು ಕೇಳಲಿಲ್ಲ, ಓಣಿಯೆಲ್ಲ ಕೇಳಿತಂತೆ. ಅಂದು ಸಂಜೆಯೇ ಸಾವುಕಾರರು ರೊಕ್ಕದ ಗಂಟು ಹಿಡಿದು ಬಿಡಾರಕ್ಕೆ ಬಂದರು. ಎಣಿಸಿದೆ. ಸ್ವಲ್ಪ ಕಡಿಮೆ ಇತ್ತು.

"ಕಡಿಮಿ ಅದಲ್ರಿ?"

"ಹೌದ್ರಿ. ಬಾಗಿಲಾ ಹಿಡಕೊಂಡೋರು ನೀವು. ಎಮ್ಮಿ ತಿಂದ ರೊಟ್ಟಿ ನಿಮ್ಮ ಲೆಕ್ಕದಾಗ ಮುರಕೊಂಡೀನಿ."

ರಾಯಚೂರಿನ ಕಬ್ಜಾ

ಬಾಗಿಲಿನ ಸಹವಾಸ ಸಾಕಾಗಿ, ಮುಂದಿನ ಸಲ ಕಾಯ್ದೆ ಏನು ಹೇಳುತ್ತದೆ ಕೇಳೋಣ ಎಂದುಕೊಂಡೆ. ರಾಯಚೂರಿನಲ್ಲಿ ನನಗೆ ಪರಿಚಯವಿದ್ದ ವಕೀಲರು ಒಬ್ಬರೇ. ನಾನು ಆಗಷ್ಟೇ ಕಟ್ಟಿ ಮುಗಿಸಿದ ಮನೆಯ ಬಾಕಿ ಕೊಡಬೇಕಾದವರೂ ಅವರೇ. ಆದರೂ ಹೋಗಿ, ಬೇರೆ ಯಾರದೋ ವಿಷಯ ಎಂಬಂತೆ ಕೇಳಿದೆ. ವಕೀಲ ಸಾಹೇಬರು ದೊಡ್ಡ ಮನುಷ್ಯರು, ಫೀ ಕೇಳದೆ ಹೇಳಿದರು.

"ದೇಖೋ ಗುತ್ತೇದಾರ್, ಮನಿ ಕಬ್ಜಾದಾಗ ಇರೋತನಕ ನಿಮ್ಮ ಹಕ್ ಅದ. ಕಬ್ಜಾ ಬಿಟ್ರ ಹಕ್ ಭೀ ಹೋತು."

ಮನೆಯನ್ನು ನನ್ನ ಸ್ವಾಧೀನದಲ್ಲೇ ಇಟ್ಟುಕೊಳ್ಳಲೆಂದು ನೇರವಾಗಿ ಅವರ ಹೊಸ ಮನೆಗೇ ಹೋಗಿ, ನಮ್ಮಲ್ಲಿ ಸುಣ್ಣ ಅರೆಯುವ ಮುದುಕನನ್ನು ಪಡಸಾಲೆಯಲ್ಲಿ ಕೂರಿಸಿದೆ. "ಯಪ್ಪಾ, ಯಾರು ಏನಂದ್ರೂ ಇಲ್ಲಿಂದ ಏಳಬ್ಯಾಡ" ಎಂದು ಹೇಳಿ ಬಂದೆ.

ವಕೀಲರ ತಾಯಿ ಸಾಮಾನು ಸಮೇತ ಬಂದವರು ಮುದುಕನನ್ನು ನೋಡಿ ಗಲಾಟೆ ಮಾಡಲಿಲ್ಲ. "ಖಾಲಿ ಹೊಟ್ಟಿಲೆ ಕಬ್ಜಾ ಹೆಂಗ ಮಾಡ್ತಿ? ಮೊದಲು ಖಾನಾ ಮಾಡು" ಎಂದು ತಟ್ಟೆ ತುಂಬ ಖಿಚಡಿ ಬಡಿಸಿದರು. ಹೀಗೆ ದಿನವೂ ಎರಡು ಹೊತ್ತು ನಡೆಯಿತು. ನಾನು ಕೆಲ ದಿನ ಬಿಟ್ಟು ಹೋಗಿ ನೋಡಿದರೆ ಮುದುಕನ ಮೈಮೇಲೆ ವಕೀಲರ ಹಳೇ ಶೇರ್ವಾನಿ, ಗಡ್ಡಕ್ಕೆ ಎಣ್ಣೆ. ನನ್ನನ್ನು ಬಾಗಿಲಲ್ಲೇ ತಡೆದ.

"ನಿಲ್ರಿ. ಸಾಹೇಬ್ರು ಊಟಕ್ಕ ಕುಂತಾರ. ಏನು ಕೆಲಸ ಹೇಳ್ರಿ, ಒಳಗ ತಿಳಸ್ತೀನಿ."

"ಯಪ್ಪಾ, ನಿನ್ನ ಇಲ್ಲಿ ಕುಂದ್ರಿಸಿದಾಂವ ನಾನು!"

"ಅದಕ್ಕ ಏಳವಲ್ಲೆ ನೋಡ್ರಿ."

ಒಳಗೆ ವಕೀಲರು ನಕ್ಕದ್ದು ಕೇಳಿಸಿತು. ಕೈ ತೊಳೆದುಕೊಂಡು ಬಂದು ಬಾಕಿಯನ್ನು ಅಲ್ಲೇ ಪೂರ್ತಿ ಚುಕ್ತಾ ಮಾಡಿದರು. ಮುದುಕನನ್ನು ಮಾತ್ರ ವಾಪಸು ಕೊಡಲಿಲ್ಲ.

ದೇವದುರ್ಗದ ಏಣಿ

ದೇವದುರ್ಗದಲ್ಲಿ ಮಕ್ಕಳಿಗೆ ಪಾಠ ಹೇಳುವ ಆಚಾರ್ಯರ ಮನೆ. ಆಚಾರ್ಯರು ಸಾಧು ಮನುಷ್ಯರು. ಪೆಟ್ಟಿಗೆಯ ಕೀಲಿ ಅವರ ಹೆಂಡತಿಯ ಸೆರಗಿನಲ್ಲಿ. ಇಲ್ಲಿ ನಾನು ಮಾಳಿಗೆಗೆ ಹತ್ತುವ ಕಲ್ಲಿನ ಮೆಟ್ಟಿಲು ಕಟ್ಟದೆ ಉಳಿಸಿಕೊಂಡಿದ್ದೆ. ರೊಕ್ಕ ಬಂದರೆ ಮೆಟ್ಟಿಲು ಎಂದೆ ನಾನು. ಮೆಟ್ಟಿಲು ಆದರೆ ರೊಕ್ಕ ಎಂದರು ಆಯಮ್ಮ. ಅಲ್ಲಿಯ ತನಕ ಮೇಲೆ ಹತ್ತುವುದಕ್ಕೆ ನಮ್ಮ ಬಿದಿರು ಏಣಿ ಒಂದೇ.

ಅಂದು ಬಟವಾಡೆಯ ದಿನ. ಆಳುಗಳೆಲ್ಲ ಬೇವಿನ ನೆರಳಲ್ಲಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಮೇಸ್ತ್ರಿಯನ್ನು ಕರೆದು ಹೇಳಿದೆ, "ಇವತ್ತು ರೊಕ್ಕ ಕೈಗಿ ಬರೋತನಕ ಏಣಿ ಯಾರಿಗೂ ಬಿಡಬ್ಯಾಡ. ನಂದು ಮೆತ್ತನ ಮನಸು. ನಾನ ಕೇಳಿದ್ರೂ ಕೊಡಬ್ಯಾಡ."

"ಆತ್ರಿ ಧಣ್ಯಾರ" ಎಂದ ಮೇಸ್ತ್ರಿ.

ಅಷ್ಟರಲ್ಲಿ ಆಚಾರ್ಯರು ಬಂದು, ಮಾಳಿಗೆಯ ನೀರು ಯಾವ ಕಡೆ ಹರಿಯುತ್ತದೆ ತೋರಿಸ್ರಿ ಎಂದರು. ಮಾಳಿಗೆಗೆ ಹಾಕಿದ ಹೊಸ ಮಣ್ಣು ಕಿತ್ತೀತೆಂದು ಇಬ್ಬರೂ ಚಪ್ಪಲಿ ಕೆಳಗೇ ಬಿಟ್ಟು, ಗೋಡೆಗೆ ಇನ್ನೂ ಒರಗಿದ್ದ ಏಣಿ ಹತ್ತಿದೆವು. ಇಳಿಜಾರು ತೋರಿಸಿ ತಿರುಗಿ ನೋಡುತ್ತೇನೆ, ಏಣಿ ಇಲ್ಲ. ಕೆಳಗೆ ಮೇಸ್ತ್ರಿ ಅದನ್ನು ಅಡ್ಡ ಮಲಗಿಸಿ ಮೇಲೆ ಕೂತಿದ್ದಾನೆ.

"ಲೇ, ಏಣಿ ಹಚ್ಚೋ!"

"ರೊಕ್ಕ ಬಂದಿಲ್ರಿ ಧಣ್ಯಾರ. ನೀವು ಕೇಳಿದ್ರೂ ಕೊಡಬ್ಯಾಡ ಅಂದೀರಿ."

ರಾಯಚೂರು ಸೀಮೆಯ ಬೇಸಿಗೆಯ ಮಧ್ಯಾಹ್ನ ಅದು. ಕಾಲು ಒಂದೆಡೆ ಊರುವಂತಿಲ್ಲ. ನಾವಿಬ್ಬರೂ ಒಂದು ಕಾಲು ಇಟ್ಟು ಇನ್ನೊಂದು ಎತ್ತುವುದನ್ನು ನೋಡಿ ಓಣಿಯವರು ಒಬ್ಬೊಬ್ಬರಾಗಿ ಸೇರಿದರು. ಆಚಾರ್ಯರು ಕುಣಿಯುತ್ತಲೇ, ಅಡುಗೆಮನೆಯ ಬೆಳಕಿಗೆಂದು ಮಾಳಿಗೆಯಲ್ಲಿ ಬಿಟ್ಟಿದ್ದ ಬೆಳಕಿಂಡಿಗೆ ಬಾಯಿ ಹಚ್ಚಿ ಹೆಂಡತಿಯನ್ನು ಕೂಗಿದರು.

"ಏ, ಕೇಳಿಸ್ತೇನ, ಆ ರೊಕ್ಕ ಕೊಟ್ಟುಬಿಡಽ!"

ಬೆಳಕಿಂಡಿಯಿಂದ ಹುಳಿಯ ಘಮದ ಜತೆ ಉತ್ತರ ಬಂತು. "ಮೆಟ್ಟಲಾ ಆಗಲಿ, ಕೊಡ್ತೀನಿ."

"ನಾ ಮ್ಯಾಲೆ ಸಿಕ್ಕೊಂಡೀನಿ!"

"ಇರ್ರಿ. ಮಾಳಿಗಿ ಸೋರ್ತದೋ ಇಲ್ಲೋ ಬರೋಬ್ಬರಿ ನೋಡ್ರಿ."

ನನಗೆ ಆಚಾರ್ಯರ ಮೇಲೆ ಕರುಣೆ ಬಂತು, ನನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು. ಬೆಳಕಿಂಡಿಗೆ ನಾನೂ ಬಾಗಿ, "ಯವ್ವಾ, ನಾಳಿನಿಂದಾನ ಮೆಟ್ಟಿಲು ಶುರು ಮಾಡಸ್ತೀನಿ, ನನ್ನ ಆಣಿ" ಎಂದೆ. ಸೌಟು ಕೆಳಗಿಟ್ಟ ಸಪ್ಪಳ ಕೇಳಿಸಿತು. ಆಮೇಲೆ ಆಯಮ್ಮ ಹೊರಗೆ ಬಂದು ರೊಕ್ಕದ ಚೀಲವನ್ನು ಮೇಸ್ತ್ರಿಯ ಕೈಗೆ ಹಾಕಿದರು. ಏಣಿ ಎದ್ದು ನಿಂತಿತು. ಹಿರಿಯರೆಂದು ಆಚಾರ್ಯರನ್ನು ಮೊದಲು ಇಳಿಸಿದೆ. ಅವರ ಕಾಲು ನೆಲಕ್ಕೆ ತಾಗಿದ್ದೇ ತಡ, ಏಣಿ ಮತ್ತೆ ಹೋಯಿತು.

"ಲೇ, ನಾನಿನ್ನೂ ಇಲ್ಲೇ ಇದ್ದೀನಲ್ಲೋ!"

"ಗೊತ್ತದರಿ. ಆಚಾರ್ರ ಬಾಕಿ ಬಂತು, ಅವರು ಇಳದ್ರು. ನಮ್ಮ ಬಟವಾಡಿ ಬಾಕಿ ನಿಮ್ಮ ಮ್ಯಾಲ ಅದಲ್ರಿ?"

"ಚೀಲ ನಿನ್ನ ಕೈಯಾಗ ಅದ, ತಗೋಳೋ!"

"ನಿಮ್ಮ ರೊಕ್ಕ ನಾ ಹೆಂಗ ಮುಟ್ಟಲ್ರಿ? ನೀವ ಕೈಯಾರೆ ಕೊಡಬೇಕು."

"ಹಂಗಾದ್ರ ಇಳೀತೀನಿ, ಏಣಿ ಹಚ್ಚು."

"ರೊಕ್ಕ ಬರ್ಲಿರಿ, ಹಚ್ತೀನಿ."

ಕೊನೆಗೆ ಮೇಸ್ತ್ರಿ ಸುಣ್ಣದ ಬುಟ್ಟಿಗೆ ಹಗ್ಗ ಕಟ್ಟಿ, ಚೀಲ ಅದರಲ್ಲಿಟ್ಟು, ಹಗ್ಗದ ತುದಿಯನ್ನು ನನ್ನತ್ತ ಎಸೆದ; ಬುಟ್ಟಿಯನ್ನು ನಾನೇ ಮೇಲೆ ಜಗ್ಗಿಕೊಂಡೆ. ಮೇಸ್ತ್ರಿ ಕೆಳಗೆ ನಿಂತು ಒಬ್ಬೊಬ್ಬರ ಹೆಸರು ಕೂಗಿದ. ನಾನು ಕಾದ ಮಾಳಿಗೆಯ ಮೇಲೆ ಒಂಟಿ ಕಾಲಲ್ಲಿ ಎಣಿಸಿ ಇಳಿಬಿಟ್ಟೆ. ಬುಟ್ಟಿ ಇಳಿಯುವುದು, ಆಳು ಎರಡೂ ಕೈಯಿಂದ ಕೂಲಿ ತೆಗೆದುಕೊಂಡು ನನಗೆ ಕೈಮುಗಿಯುವುದು, ಬುಟ್ಟಿ ಹತ್ತುವುದು. ಓಣಿಗೆ ಓಣಿಯೇ ನಿಂತು ನೋಡಿತು. ಕಟ್ಟಕಡೆಗೆ ಮೇಸ್ತ್ರಿ ತನ್ನ ಪಾಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಏಣಿಗೆ ಕೈ ಹಾಕುವಾಗ, ಬೆಳಕಿಂಡಿಯಿಂದ ಆಯಮ್ಮನ ದನಿ ಬಂತು.

"ಗುತ್ತೇದಾರ್ರ, ಮನಿಗೆ ಮೆಟ್ಟಲಾ ಯಾಕ ಬೇಕು ಅಂತ ಈಗ ತಿಳೀತೇನ್ರಿ?"