ಸ್ಟಿಯರಿಂಗಿನ ಕೆಳಗಿನ ಪೆಟ್ಟಿಗೆ

ಬಿಸಿಲಿಗೆ ಕಾದ ಸೀಟು, ಅದರೊಳಗೆ ನೆನೆದ ಪೈಪಿನ ತಂಬಾಕು, ಅದರ ಅಡಿಯಲ್ಲೆಲ್ಲೋ ಪೆಪ್ಪರಮಿಂಟು. ಲೊರೀನಳ ಬಾಲ್ಯಕ್ಕೆ ಇದೇ ವಾಸನೆ. ಅಪ್ಪ ಎಮಿಲ್‌ನ ಉದ್ದನೆಯ ನೀಲಿ ಕಾರಿನ ಬಾಗಿಲು ತೆಗೆದರೆ ಅದು ಇವತ್ತಿಗೂ ಎದ್ದು ಬರುತ್ತಿತ್ತು. ಆದರೆ ಜುಲೈ ನಾಲ್ಕರ, ಅಮೆರಿಕದ ಸ್ವಾತಂತ್ರ್ಯ ದಿನದ ಆ ಬೆಳಿಗ್ಗೆ ಬಾಗಿಲು ತೆಗೆದವಳ ಮೂಗಿಗೆ ಮೀನೆಣ್ಣೆಯಂಥ ನಾತ ಬಡಿಯಿತು. ಸ್ಟಿಯರಿಂಗಿನ ಕೆಳಗೆ ಗಂಡ ಆರ್ಡನ್ ಅಂಗಾತ ಮಲಗಿದ್ದ. ಅವಳೇ ಇಸ್ತ್ರಿ ಹಾಕಿಕೊಟ್ಟ ಬಿಳಿ ಪ್ಯಾಂಟು ಮೊಳಕಾಲಿನವರೆಗೆ ತೊಯ್ದು ಹೋಗಿತ್ತು.

"ಏನ್ರೀ ಇದು?"

"ಏನಿಲ್ಲ ಕಣೆ. ಸ್ವಲ್ಪ ಸೋರ್ತಿದೆ."

ಸೋರುತ್ತಿದ್ದದ್ದು ಬ್ರೇಕಿನ ಎಣ್ಣೆ. ಸ್ಟಿಯರಿಂಗಿನ ಕೆಳಗೆ ಒಂದು ಕಪ್ಪು ಪೆಟ್ಟಿಗೆ ಇತ್ತು. ಬೆಣ್ಣೆಯ ಮುದ್ದೆಯಷ್ಟು ದೊಡ್ಡದು, ಪಕ್ಕದಲ್ಲಿ ಸಣ್ಣ ಹಿಡಿ, ಹಿಂದೆ ಎರಡು ವೈರು ಮತ್ತು ಒಂದು ತೆಳ್ಳನೆಯ ತಾಮ್ರದ ಕೊಳವೆ. ಹಿಡಿ ಎಳೆದರೆ ಏನೂ ಆಗುತ್ತಿರಲಿಲ್ಲ. ಮೆರವಣಿಗೆಯ ದಿನ ಕಾರು ಚೆಂದ ಕಾಣಲಿ ಎಂದು ಆರ್ಡನ್ ಅದನ್ನು ಬಿಚ್ಚಿ ತೆಗೆದ. ಆಮೇಲೆ ಬ್ರೇಕ್ ಒತ್ತಿ ನೋಡಿದ. ಕೊಳವೆಯಿಂದ ಎಣ್ಣೆ ಪಿಚಕಾರಿಯಂತೆ ಪ್ಯಾಂಟಿನ ಮೇಲೆ ಹಾರಿತು. ಪೆಡಲು ನೆಲಕ್ಕೆ ಹೋಗಿ ಅಲ್ಲೇ ಕೂತಿತು.

ಬೇರೆ ದಿನವಾಗಿದ್ದರೆ ನಗಬಹುದಿತ್ತು. ಈ ವರ್ಷ ನಮ್ಮ ನ್ಯೂ ಹಾಲ್ಡೆನ್ ಊರಿನ ಮೆರವಣಿಗೆಗೆ ಮುಖ್ಯ ಅತಿಥಿ ಎಂದು ಆರಿಸಿದ್ದು ಆರ್ಡನ್‌ನ ಅತ್ತೆ, ಲೊರೀನಳ ತಾಯಿ ಹಿಲ್ಡಾಳನ್ನು. ಎಮಿಲ್ ತೀರಿಕೊಂಡ ಮೇಲೆ ಆಕೆ ಗೇಟಿನಾಚೆ ಕಾಲಿಟ್ಟಿರಲಿಲ್ಲ, ಚರ್ಚಿಗೂ ಹೋಗಿರಲಿಲ್ಲ. ಕರೆಯಲು ಬಂದವರಿಗೆ, "ಎಮಿಲ್ ಕಾರಲ್ಲಾದ್ರೆ ಬರ್ತೀನಿ. ಇಲ್ಲಾಂದ್ರೆ ನನ್ನ ಪಾಡಿಗೆ ಬಿಟ್ಬಿಡಿ" ಎಂದಿದ್ದಳು. ಇವತ್ತು ಆಗಲೇ ನೀಲಿ ಹ್ಯಾಟು ಹಾಕಿಕೊಂಡು ಕಿಟಕಿಯ ಬಳಿ ಕೂತಿದ್ದಳು.

"ಕಾರು ಹೊರಡುತ್ತಲ್ಲಪ್ಪ, ಆರ್ಡನ್?"

"ಹೊರಡ್ದೆ ಏನು ಅತ್ತೆ. ನೀವು ಆರಾಮಾಗಿ ಕೂತಿರಿ." ಪೆಟ್ಟಿಗೆಯನ್ನು ಬೆನ್ನ ಹಿಂದೆ ಮರೆಮಾಡಿಕೊಂಡು ಆರ್ಡನ್ ನಕ್ಕ. ಹಲ್ಲುನೋವಿನವನು ಫೋಟೋಕ್ಕೆ ನಿಂತಂತಿತ್ತು ಆ ನಗು.

ಹಬ್ಬದ ದಿನ ಬಿಡಿಭಾಗದ ಅಂಗಡಿ ಯಾವುದೂ ತೆರೆದಿರಲಿಲ್ಲ. ಪಕ್ಕದ ಮನೆಯ ಕ್ಲೀಟಸ್ ಬೇಲಿ ದಾಟಿ ಬಂದ. ಟ್ರ್ಯಾಕ್ಟರ್ ರಿಪೇರಿಯಲ್ಲಿ ಜೀವನ ಕಳೆದವನು. ಗೊತ್ತಿಲ್ಲ ಎನ್ನುವ ಮಾತು ಅವನ ಬಾಯಲ್ಲಿ ಬಂದದ್ದನ್ನು ಯಾರೂ ಕೇಳಿರಲಿಲ್ಲ.

"ಇದು ಹೀಟರಿಂದು," ಎಂದ ಕ್ಲೀಟಸ್.

"ಹೀಟರಿಗೆ ಬ್ರೇಕ್ ಎಣ್ಣೆ ಯಾಕೋ ಮಾರಾಯ?"

"ಹಳೇ ಕಾಲದ್ದು. ಅವರಿಗೆ ಬೇಕಾದಂಗೆ ಮಾಡಿರ್ತಾರೆ."

ಎದುರುಮನೆಯ ವೆಂಡಲ್ ಕಾಫಿ ಲೋಟ ಹಿಡಿದೇ ಬಂದ. ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತನಾದವನು. ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಎಮಿಲ್ ಹಿಂದೆ ಪೊಲೀಸಲ್ಲಿ ಇದ್ನೇನೋ? ಇದು ಸೈರನ್ನು" ಎಂದ.

"ಮಾವ ಹಾಲಿನ ಡೈರಿಯಲ್ಲಿ ಇದ್ದೋರು ಕಣಯ್ಯ. ಹಸು ಓಡಿಸಿಕೊಂಡು ಹೋಗೋಕೆ ಸೈರನ್ ಹಾಕಿದ್ರಾ?" ಎಂದ ಆರ್ಡನ್.

"ಪರೀಕ್ಷೆ ಮಾಡಿದ್ರೆ ಗೊತ್ತಾಗುತ್ತೆ," ಎಂದು ಕ್ಲೀಟಸ್ ತನ್ನ ಟ್ರ್ಯಾಕ್ಟರಿನ ಹಳೆಯ ಬ್ಯಾಟರಿ ಹೊತ್ತು ತಂದ. ವೈರು ಮುಟ್ಟಿಸಿ ಹಿಡಿ ಎಳೆದ. ಒಳಗೆ ಏನೋ ಕೆಂಪಗೆ ಕಾಯಿತು. ಸೈರನ್ ಕೂಗಲಿಲ್ಲ, ಬಿಸಿಗಾಳಿ ಬರಲಿಲ್ಲ. ರೊಟ್ಟಿ ಸೀದಂತೆ ಹೊಗೆ ಮಾತ್ರ ಬಂತು.

"ನೋಡ್ದಾ, ಬಿಸಿ ಆಯ್ತು. ಹೀಟರೇ."

ಒಳಗೆ ನೋಡೋಣವೆಂದು ವೆಂಡಲ್ ಮುಚ್ಚಳ ಬಿಚ್ಚಿದ. ಒಂದು ಸ್ಪ್ರಿಂಗು ಮಿಡತೆಯಂತೆ ನೆಗೆದು ಲೊರೀನಳ ಹೂವಿನ ಪಾತಿಯಲ್ಲಿ ಮಾಯವಾಯಿತು. ಮೂವರೂ ಮಂಡಿಯೂರಿ ಹುಡುಕಿದರು. ಸಿಕ್ಕಿದ್ದು ಹೋದ ವರ್ಷ ಕಳೆದ ಒಂದು ಚಮಚ.

ಕೊಳವೆಗೆ ಬಿರಡೆ ಜಡಿದು ನೋಡಿದರು. ಪೆಡಲು ಒತ್ತಿದ ಕೂಡಲೆ ಅದು ಗುಂಡಿನಂತೆ ಹಾರಿ ವೆಂಡಲ್‌ನ ಕಾಫಿಗೆ ಬಿತ್ತು. ಕೈಬ್ರೇಕು ತುಕ್ಕು ಹಿಡಿದು ಎಷ್ಟೋ ವರ್ಷವಾಗಿತ್ತು. ಮೆರವಣಿಗೆ ಹೊರಡುವ ಚರ್ಚಿನಿಂದ ನದಿದಂಡೆಯ ಪಾರ್ಕಿನವರೆಗೆ ಬೀದಿ ಪೂರ್ತಿ ಇಳಿಜಾರು.

ಆರ್ಡನ್ ಹುಲ್ಲಿನ ಮೇಲೆ ಕುಸಿದು ಕೂತ. "ಅತ್ತೆಗೆ ಹೋಗಿ ಏನಂತ ಹೇಳ್ಲಿ? ಎರಡು ವರ್ಷ ಆದ್ಮೇಲೆ ಹ್ಯಾಟು ಹಾಕ್ಕೊಂಡಿದಾರೆ."

ವೆಂಡಲ್ ತನ್ನ ಕಾಫಿಯಿಂದ ಬಿರಡೆ ತೆಗೆದು ಎಸೆದ. ಆಮೇಲೆ ನಿಧಾನವಾಗಿ, "ಇಳಿಜಾರು ಅಂದ್ರೆ ಇಂಜಿನ್ ಬೇಕಾಗಿಲ್ಲ. ಹಿಡ್ಕೊಳ್ಳೋಕೆ ಜನ ಬೇಕು, ಅಷ್ಟೆ" ಎಂದ.

ಹೀಗೆ ಕ್ಲೀಟಸ್‌ನ ಕೊಟ್ಟಿಗೆಯಿಂದ ಹಗ್ಗ ಬಂತು. ಬೀದಿಯ ಗಂಡಸರು ಒಬ್ಬೊಬ್ಬರಾಗಿ ತಿಂಡಿ ಬಿಟ್ಟು ಬಂದರು. ಏನು ಕೆಲಸ ಎಂದು ಕೇಳುವ ಮೊದಲೇ ಅಂಗಿಯ ತೋಳು ಮಡಿಸಿದರು. ಅವರ ಅಂಗೈ ತರಚಬಾರದೆಂದು ಲೊರೀನ್ ತನ್ನ ಒಳ್ಳೆಯ ಅಡುಗೆಮನೆಯ ಬಟ್ಟೆಗಳನ್ನೇ ಹಗ್ಗಕ್ಕೆ ಸುತ್ತಿ ಕಟ್ಟಿದಳು.

ಮೆರವಣಿಗೆ ಹೊರಟಿತು. ಮುಂದೆ ಊರಿನ ವಾದ್ಯಮೇಳ, ಅದರ ಹಿಂದೆ ನೀಲಿ ಕಾರು, ಸ್ಟಿಯರಿಂಗ್ ಹಿಡಿದು ಬೆವರುತ್ತಿದ್ದ ಆರ್ಡನ್, ಅವನ ಪಕ್ಕದಲ್ಲಿ ರಾಣಿಯಂತೆ ಹಿಲ್ಡಾ. ಕಾರಿನ ಹಿಂದೆ ಹಗ್ಗ ಜಗ್ಗಿ ಹಿಡಿದ ಗಂಡಸರು, ಮೊಂಡು ಎತ್ತನ್ನು ನೀರಿನಿಂದ ಆಚೆಗೆ ಎಳೆಯುವವರ ಹಾಗೆ ಬಾಗಿಕೊಂಡು ಬರುತ್ತಿದ್ದರು.

"ಆರ್ಡನ್, ಹಿಂದೆ ಯಾಕಪ್ಪ ಅಷ್ಟು ಜನ?"

"ನಿಮ್ಮ ಮೇಲಿನ ಗೌರವ, ಅತ್ತೆ."

ಹಿಲ್ಡಾಳ ಕಣ್ಣು ತುಂಬಿತು. ಕಿಟಕಿಯಿಂದ ಕೈಬೀಸಿ ಮಕ್ಕಳಿಗೆ ಮಿಠಾಯಿ ಎಸೆದಳು. ಬ್ಯಾಂಕಿನ ಮುಂದೆ ವೆಂಡಲ್ ಯಾರಿಗೋ ನಮಸ್ಕಾರ ಹೇಳಲು ಒಂದು ಕೈ ಬಿಟ್ಟ. ಕಾರು ಮುಂದಕ್ಕೆ ಜಾರಿ, ದೊಡ್ಡ ಕಹಳೆಯವನ ಹಿಂಭಾಗಕ್ಕೆ ಮೆಲ್ಲಗೆ ತಾಗಿತು. ಅವನು ಹೆದರಿ ಹೆಜ್ಜೆ ಚುರುಕು ಮಾಡಿದ, ಅವನ ಮುಂದಿನವರೂ ಚುರುಕು ಮಾಡಿದರು. ದೇಶಭಕ್ತಿಯ ಹಾಡು ಕುಣಿತದ ಹಾಡಿನಂತೆ ಓಡತೊಡಗಿತು. ಇದೆಲ್ಲ ಬೇಕೆಂದೇ ಹೂಡಿದ ಆಟವೆಂದು ಜನ ತಿಳಿದರು. ನಕ್ಕು ನಕ್ಕು ಕೆಲವರು ರಸ್ತೆಯಂಚಿಗೆ ಕೂತುಬಿಟ್ಟರು.

ಪಾರ್ಕಿನಲ್ಲಿ ನೆಲ ಸಮವಾದಾಗ ಕಾರು ತಾನಾಗಿ ನಿಂತಿತು. ಹಗ್ಗದವರು ಹುಲ್ಲಿನ ಮೇಲೆ ಬಿದ್ದುಕೊಂಡರು. ಆರ್ಡನ್ ಇಳಿದು ಒಬ್ಬೊಬ್ಬರ ಕೈ ಹಿಡಿದು ಕುಲುಕಿದ. "ಬಿಡೋ, ನಮಗೂ ವ್ಯಾಯಾಮ ಆಯ್ತು" ಎಂದ ಕ್ಲೀಟಸ್, ಬೊಬ್ಬೆಯೆದ್ದ ಅಂಗೈಯನ್ನು ಜೇಬಿಗೆ ಇಳಿಸಿಕೊಂಡು.

ಅಷ್ಟರಲ್ಲಿ ವೇದಿಕೆಯಿಂದ ಹೆಸರು ಕರೆದರು. ಊರನ್ನು ಹೆಚ್ಚು ನಗಿಸಿದವರಿಗೆ ಮೊದಲ ಬಹುಮಾನ, ಆರ್ಡನ್‌ಗೆ. ಸರೋವರದ ದಂಡೆಯಲ್ಲಿ ಒಂದು ವಾರ ಕಳೆಯಲು, ಹಾಸಿಗೆ ಒಲೆ ಎಲ್ಲ ಇರುವ, ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಟ್ರೈಲರು. ಲೊರೀನ್ ಗಂಡನ ತೋಳು ಹಿಡಿದುಕೊಂಡಳು. ಮದುವೆಯಾದಾಗಿನಿಂದ ಅವರು ಎಲ್ಲಿಗೂ ಹೋಗಿರಲಿಲ್ಲ.

ಟ್ರೈಲರಿನ ಯಜಮಾನ ಕಾರಿನೊಳಗೆ ಬಗ್ಗಿ ನೋಡಿದ. "ಒಂದೇ ಷರತ್ತು, ಸ್ವಾಮಿ. ನಮ್ಮ ಟ್ರೈಲರ್ ಭಾರ, ಅದಕ್ಕೇ ಬೇರೆ ಬ್ರೇಕ್ ಇದೆ. ಅದನ್ನ ನಡೆಸೋ ಪೆಟ್ಟಿಗೆ ಕಾರಲ್ಲಿ ಇದ್ರೆ ಮಾತ್ರ ಕೊಡ್ತೀನಿ."

"ಇಷ್ಟು ಹಳೇ ಕಾರಲ್ಲಿ ಅದೆಲ್ಲಿಂದ ಬರ್ಬೇಕು?" ಎಂದ ಆರ್ಡನ್.

"ಯಾಕಿಲ್ಲ?" ಎಂದಳು ಹಿಲ್ಡಾ ಒಳಗಿನಿಂದ. "ಸ್ಟಿಯರಿಂಗ್ ಕೆಳಗೇ ಇದೆಯಲ್ಲ, ಕಪ್ಪಗೆ, ಒಂದು ಹಿಡಿ. ಎಮಿಲ್ ಕಾಲಲ್ಲಿ ಬ್ರೇಕ್ ಒತ್ತಿದ್ರೆ ಎಣ್ಣೆ ಅದರೊಳಗೆ ನುಗ್ಗಿ ಹಿಂದಿನ ಟ್ರೈಲರಿಗೆ ಕರೆಂಟ್ ಕಳಿಸ್ತಿತ್ತು. ಗುಡ್ಡ ಇಳಿಯುವಾಗ ಹಿಡಿ ನಾನೇ ಎಳೀತಿದ್ದೆ. ಲೊರೀನ್ ಹುಟ್ಟೋಕೆ ಮುಂಚೆ ಬೆಟ್ಟದ ಸೀಮೆಯೆಲ್ಲ ಹಂಗೇ ಸುತ್ತಿದ್ವಿ."

ವೆಂಡಲ್ ಆಕಾಶ ನೋಡಿದ. ಕ್ಲೀಟಸ್ ತನ್ನ ಬೂಟು ನೋಡಿದ.

"ಎಷ್ಟು ಗಟ್ಟಿ ಅಂತೀರಿ ಅದು," ಎಂದು ಹಿಲ್ಡಾ ಮುಂದುವರಿಸಿದಳು. "ಬೇಕಂತ ಸುಟ್ಟರೇ ಹೊರತು ಹಾಳಾಗೋ ವಸ್ತು ಅಲ್ಲ."

ಯಜಮಾನ ಸ್ಟಿಯರಿಂಗಿನ ಕೆಳಗೆ ಕೈಯಾಡಿಸಿ, ತೊಟ್ಟಿಕ್ಕುವ ಕೊಳವೆ ಮುಟ್ಟಿ, ಬೆರಳು ಒರೆಸಿಕೊಂಡ. ಬಹುಮಾನ ಎರಡನೆಯ ಹೆಸರಿಗೆ ಹೋಯಿತು. ಆ ಹೆಸರು ಕ್ಲೀಟಸ್‌ನದು. ಅವನ ಟ್ರ್ಯಾಕ್ಟರನ್ನು ಹೆಂಡತಿ ಕಾಗದದ ಕೋಳಿಯಂತೆ ಸಿಂಗರಿಸಿ ಮೆರವಣಿಗೆಗೆ ತಂದಿದ್ದಳು, ಮನೆಯಲ್ಲಿದ್ದ ಅವರ ಹೊಸ ಪಿಕಪ್ಪಿನಲ್ಲಿ ಅಂಥದೊಂದು ಪೆಟ್ಟಿಗೆ ಇತ್ತು.

"ನನ್ನದರಲ್ಲೂ ಇದೆಯಾ?" ಎಂದ ಕ್ಲೀಟಸ್ ತಬ್ಬಿಬ್ಬಾಗಿ. "ನಾನು ಅದನ್ನ ರೇಡಿಯೋದು ಅಂದ್ಕೊಂಡಿದ್ದೆ."

ಜನ ಊಟದ ಮೇಜುಗಳ ಕಡೆ ಚದುರಿದರು. ಆರ್ಡನ್ ಮತ್ತೆ ಕಾರಿನೊಳಗೆ ಬಂದು ಅತ್ತೆಯ ಪಕ್ಕ ಕೂತ. ಬೆಳಿಗ್ಗೆಯಿಂದ ಅವನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಹಿಲ್ಡಾ ಇಳಿಯಲಿಲ್ಲ. ಸೀಟಿನ ಬಟ್ಟೆಯ ಮೇಲೆ ಅಂಗೈ ಆಡಿಸುತ್ತ, ಹೊಳೆಯುವ ನದಿಯನ್ನು ನೋಡುತ್ತಿದ್ದಳು. ಹೋಗಿ ಬರುವವರು ಕಿಟಕಿಗೆ ಬಗ್ಗಿ ಆಕೆಯ ಕೈ ಮುಟ್ಟಿ ಹೋಗುತ್ತಿದ್ದರು. ಅವರಲ್ಲಿ ಯಾರೋ ಒಬ್ಬರು ಆಕೆಗೆಂದು ತಟ್ಟೆ ತುಂಬಿಸಿ ತಂದು ಕೊಟ್ಟರು: ಕರಿದ ಕೋಳಿ, ಆಲೂಗಡ್ಡೆಯ ಸಲಾಡ್, ಬೆಣ್ಣೆ ಸವರಿದ ಜೋಳದ ತೆನೆ.

ಆಕೆ ಅದನ್ನು ಒಂದು ಗಳಿಗೆ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಆಮೇಲೆ ಅಳಿಯನ ಕೈಗೆ ದಾಟಿಸಿದಳು.