ಕಣ್ಣು ಕಟ್ಟಿಕೊಂಡು ಕಮಲಾಪುರಕ್ಕೆ

ನನ್ನ ಸೋದರಮಾವ ಕಲಬುರಗಿಯಿಂದ ಕಮಲಾಪುರಕ್ಕೆ ಇಪ್ಪತ್ತು ಸಲವಾದರೂ ಹೋಗಿದ್ದಾನೆ, ದಾರಿಯನ್ನು ಮಾತ್ರ ಒಮ್ಮೆಯೂ ನೋಡಿಲ್ಲ! ಇಪ್ಪತ್ತೋ, ಹನ್ನೆರಡೋ? ನನ್ನ ನೆನಪಿಗೆ ನಾನೇ ಜಾಮೀನು ನಿಲ್ಲಲಾರೆ. ಟವೆಲ್ಲಿನ ವಿಷಯ ಮಾತ್ರ ಖಂಡಿತ.

ನಂದೂರಿನ ಬೇಳೆ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವನು. ನಿವೃತ್ತರಾದಾಗ ಉಳಿದವರಿಗೆ ಮಂಡಿನೋವು ಬಂದರೆ ಇವನಿಗೆ ನಕ್ಷತ್ರಪುಂಜಗಳು ಬಂದವು! ಮಳೆ ಹಿಂದೆಗೆದು ಅಮಾವಾಸ್ಯೆ ಹತ್ತಿರವಾದರೆ ಸಾಕು, ಬ್ರಹ್ಮಪುರದ ಮನೆಯಲ್ಲೇ ಕಣ್ಣಿಗೆ ಕರಿ ಟವೆಲ್ ಬಿಗಿದು ನನ್ನ ಸ್ಕೂಟರಿನ ಹಿಂದೆ ಏರುತ್ತಾನೆ. ಕತ್ತಲಿಗೆ ಪಳಗಿದ ಕಣ್ಣು ಲಾರಿ ದೀಪಗಳಿಗೆ ಕೆಡಬಾರದಂತೆ.

"ಮದಿಮಗ ಹೊಂಟಾನ ನೋಡ್ರಿ, ಬಾಸಿಂಗ ಕಣ್ಣಿಗಿ ಜಾರ್ಯಾದ" ಎನ್ನುತ್ತಾಳೆ ಅತ್ತೆ.

ದಾರಿಯ ಚಹಾದವನು ಒಮ್ಮೆ ಕೇಳಿದ: "ಚಾಚಾಗ ಆಪರೇಷನ್ ಆಗ್ಯಾದೇನ್ರಿ?"

"ಇಲ್ರೀ, ಗ್ಯಾಲಕ್ಸಿ ನೋಡಾಕ ಹೊಂಟಾರ."

ಅವನು ನನ್ನ ಕಿವಿಗೆ ಬಾಗಿ, "ಹೈದರಾಬಾದಿನಾಗ ಚಲೋ ಡಾಕ್ಟರ್ ಅದಾರ್ರೀ, ತಲಿಗಿ" ಎಂದ.

ಈ ವರ್ಷ ಡಾಕ್ಟರ ಮಾತು ನಗೆಯಾಗಿ ಉಳಿಯಲಿಲ್ಲ. ಮಾವನ ಎರಡೂ ಕಣ್ಣಿನ ನೋಟದ ನಡುಭಾಗ ಹೋಗಿದೆ, ಇನ್ನು ಬರುವುದಿಲ್ಲ, ಅಂಚಷ್ಟೇ ಉಳಿದಿದೆ ಎಂದರು ಕಣ್ಣಿನ ಡಾಕ್ಟರು. ಮಾವ ಪತ್ರಿಕೆ ಬಿಟ್ಟ. ಚಹಾವನ್ನು ಬಸಿಯ ಪಕ್ಕಕ್ಕೆ ಸುರಿದ. ಇಡೀ ಮಳೆಗಾಲ ಗೋಡೆಗೆ ಮುಖ ಮಾಡಿ ಕೂತ. ಕೊನೆಗೊಂದು ಸಂಜೆ ಹೇಳಿದ: "ಆಂಡ್ರೊಮಿಡಾ ಗ್ಯಾಲಕ್ಸಿ ಇನ್ನೊಮ್ಮಿ ಕಾಣ್ತದೋ ಇಲ್ಲೋ ನೋಡಬೇಕಲೇ. ಇಲ್ಲಾಂದ್ರ ಟವೆಲ್ ಬಿಚ್ಚೂದ ಬ್ಯಾಡ."

ಕಮಲಾಪುರದಾಚೆ, ಬಾಳೆತೋಟದ ಬದುವಿನಲ್ಲಿ ನಾನೇ ಟವೆಲ್ ಬಿಚ್ಚಿದೆ. ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದವನಲ್ಲವೇ ನಾನು? ಇವನು 'ಕಂಡಿತು' ಎಂದರೆ ಅದು ನೋಟವೋ, ಬರೀ ನೆನಪೋ? ನಾಚಿಕೆಯಿಲ್ಲದೆ ಅವನ ಗದ್ದ ಹಿಡಿದು, ಬೇಕೆಂದೇ ಖಾಲಿ ಆಕಾಶದತ್ತ ತಿರುಗಿಸಿದೆ.

"ಅಲ್ಲಿ ಅದ ನೋಡು, ಮಾಮಾ."

"ಏನೂ ಇಲ್ಲಲೇ" ಎಂದ. ದನಿ ನೆಲಕಚ್ಚಿತ್ತು. ನಿಜ ಹೇಳಲು ನಾನು ಬಾಯಿಬಿಡುವಷ್ಟರಲ್ಲಿ ಅವನೇ ಈಶಾನ್ಯಕ್ಕೆ ಕುತ್ತಿಗೆ ಹೊರಳಿಸಿ ಕೂಗಿದ: "ಹೋ! ಇಲ್ಲಿ ಅದ! ಹಿಂಜಿದ ಅರಳಿ ಇಟ್ಟಂಗ! ನನಗ ಪರೀಕ್ಷಾ ಮಾಡ್ತೀಯೇನಲೇ, ಪ್ರೊಫೆಸರಾ?"

ಮಸುಕು ಗ್ಯಾಲಕ್ಸಿಯನ್ನು ನೆಟ್ಟಗೆ ನೋಡಿದರೆ ಎಂಥ ಕಣ್ಣಿಗೂ ಕರಗುತ್ತದೆ, ಸ್ವಲ್ಪ ಪಕ್ಕಕ್ಕೆ ನೋಡಿ ಕಣ್ಣಂಚಿನಲ್ಲೇ ಹಿಡಿಯಬೇಕು. ಅವನಿಗೆ ಉಳಿದದ್ದೂ ಆ ಅಂಚೇ.

ಹೊರಡುವಾಗ ಅವನು, ಕತ್ತಲಿಗೆ ಪಳಗಿದ ಕಣ್ಣು ಕೆಡದಂತೆ ಕೆಂಪು ಕಾಗದ ಸುತ್ತಿದ ಟಾರ್ಚನ್ನು ನನ್ನ ಮುಖಕ್ಕೆ ಹಿಡಿದ. ಆಮೇಲೆ ತನ್ನ ಮುಖವನ್ನು ಮೆಲ್ಲಗೆ ಬಾಳೆಗಿಡಗಳತ್ತ ತಿರುಗಿಸಿಕೊಂಡು ನಿಂತ. ಸಿಟ್ಟಾದನೆಂದುಕೊಂಡೆ.

"ಯಾಕಲೇ," ಎಂದ, ಬಾಳೆಗಿಡಗಳನ್ನೇ ನೋಡುತ್ತ, "ಇಷ್ಟು ಸೊರಗೀದಿ?"