ನನ್ನ ಮಗಳ ಹಾಡಿಗೆ ಬೇರೆ ಬಾಯಿ ಹಚ್ಚಿದ ಮಹನೀಯರಿಗೆ

ಆಲ್ಮಾ ಬೀದಿ, ಪ್ಯಾಡಿಹ್ಯಾಮ್, ಲ್ಯಾಂಕಾಶೈರ್
1 ನವೆಂಬರ್ 1965

ಶ್ರೀಮಾನ್ ಪೆರೆಗ್ರಿನ್ ಆಶ್‌ಕ್ರಾಫ್ಟ್ ಅವರಿಗೆ,
ಕೊಕ್ಕರೆ ಮಾರ್ಕಿನ ರೆಕಾರ್ಡ್ ಕಂಪನಿ, ಲಂಡನ್

ಮಾನ್ಯರೇ,

ತಮ್ಮ ಕಂಪನಿಯ ‘ಕಿಟಕಿಯ ದೀಪ ಆರಿಸಬೇಡ’ ಎಂಬ ಹಾಡು ಸತತ ನಾಲ್ಕನೆಯ ವಾರವೂ ದೇಶದ ಹಾಡುಗಳ ಪಟ್ಟಿಯ ತುತ್ತತುದಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿರುವುದಕ್ಕಾಗಿ ತಮಗೂ, ತಮ್ಮ ಕುಟುಂಬವರ್ಗಕ್ಕೂ, ತಮ್ಮ ರೆಕಾರ್ಡಿನ ನಟ್ಟನಡುವೆ ಒಂಟಿಕಾಲಲ್ಲಿ ನಿಂತು ತಿರುಗುತ್ತಿರುವ ಆ ಬಡಪಾಯಿ ಕೊಕ್ಕರೆಗೂ ಹೃತ್ಪೂರ್ವಕ ಅಭಿನಂದನೆಗಳನ್ನು ಸಲ್ಲಿಸುತ್ತೇನೆ. ಇಷ್ಟು ದೊಡ್ಡ ಮನುಷ್ಯರಿಗೆ ನನ್ನಂಥವಳು ಕಾಗದ ಬರೆಯುವುದು ಅಧಿಕಪ್ರಸಂಗವೆಂದು ಬಲ್ಲೆ. ಆದರೂ ಈ ಹಾಡಿನ ವಿಷಯದಲ್ಲಿ ನನ್ನದೊಂದು ಸಣ್ಣ ದೂರಿದೆ. ಅದನ್ನು ತಮ್ಮ ಪಾದಗಳಲ್ಲಿಟ್ಟು, ಅದರ ಒಂದು ಪ್ರತಿಯನ್ನು ನಮ್ಮ ಸಹಕಾರಿ ಸಂಘದ ಕೋ-ಆಪ್ ಅಂಗಡಿಯ ಬಾಗಿಲಿಗೂ ಅಂಟಿಸುತ್ತಿದ್ದೇನೆ.

ಮೊದಲು ನನ್ನ ಪರಿಚಯ. ಹೆಸರು ವಿನಿಫ್ರೆಡ್ ಗ್ರಿಮ್‌ಷಾ. ಹದಿಮೂರನೆಯ ವಯಸ್ಸಿಗೆ ಬಟ್ಟೆ ಗಿರಣಿ ಸೇರಿದವಳು, ಹೋದ ವರ್ಷ ಗಿರಣಿಗೆ ಬೀಗ ಬೀಳುವವರೆಗೂ ಆರು ಮಗ್ಗಗಳ ನಡುವೆ ನಿಂತಿದ್ದೆ. ಒಂದೇ ಚಾವಡಿಯಲ್ಲಿ ಎಂಟುನೂರು ಮಗ್ಗಗಳ ಲಾಳಿ ಒಟ್ಟಿಗೆ ಹೊಡೆದಾಡುವ ಸದ್ದನ್ನು ತಾವು ಕೇಳಿರಲಾರಿರಿ. ಕೇಳಿದ್ದರೆ ಈಗ ನನ್ನ ಹಾಗೆಯೇ ಏನನ್ನೂ ಕೇಳುತ್ತಿರಲಿಲ್ಲ. ಆ ಸದ್ದಿನಲ್ಲಿ ಮಾತು ನಡೆಯದು, ಹಾಗಂತ ನೇಕಾರ ಹೆಂಗಸರು ಹತ್ತು ಗಂಟೆ ಮಾತಿಲ್ಲದೆ ಇರುವುದೂ ಆಗದ ಮಾತು. ಆದ್ದರಿಂದ ನಾವು ಬಾಯನ್ನು ಅಗಲವಾಗಿ ಆಡಿಸಿ, ಹುಬ್ಬು ಕೆನ್ನೆಗಳನ್ನೂ ಕೆಲಸಕ್ಕೆ ಹಚ್ಚಿ, ಒಂದಿಷ್ಟೂ ದನಿ ಹೊರಡಿಸದೆ ಮಾತಾಡುತ್ತೇವೆ, ಎದುರಿನವರು ತುಟಿ ನೋಡಿ ಓದಿಕೊಳ್ಳುತ್ತಾರೆ. ಯಾರ ಮನೆಯಲ್ಲಿ ಜಗಳ, ಯಾರ ಹುಡುಗಿಗೆ ಮದುವೆ ಆತುರ ಎಂಬುದೆಲ್ಲ ಚಾವಡಿಯ ಈ ತುದಿಯಿಂದ ಆ ತುದಿಗೆ ಲಾಳಿಗಿಂತ ಬೇಗ ಹೋಗುತ್ತಿತ್ತು. ಬಸ್ಸಿನ ಗಾಜಿನಾಚೆ ನಿಂತವರ ಮಾತನ್ನೂ ನಾವು ಬಿಟ್ಟವರಲ್ಲ.

ನನ್ನ ಯಜಮಾನರು ಕ್ಲಿಫರ್ಡ್, ಬಸ್ಸು ಓಡಿಸುವವರು, ಕಿವಿ ಚೆನ್ನಾಗಿದೆ. ಅವರು ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿದಾಗ ಅವರ ಮೂಗಿನ ಕೆಳಗೆ ಒಂದು ಭಾರಿ ಮೀಸೆಯಿತ್ತು. "ಏನಂದ್ರಿ? ಆ ಪೊದೆ ಬೋಳಿಸ್ಕೊಂಡು ಬಂದು ಇನ್ನೊಂದ್ಸಲ ಕೇಳಿ" ಎಂದೆ. ಮರುದಿನವೇ ಬೋಳಿಸಿಕೊಂಡು ಬಂದರು. ಇದನ್ನು ಈಗ ಯಾಕೆ ಹೇಳುತ್ತಿದ್ದೇನೆಂದರೆ, ನಮ್ಮ ಕಡೆ ತುಟಿ ಕಾಣದಂತೆ ಇಟ್ಟುಕೊಳ್ಳುವ ಮನುಷ್ಯನನ್ನು ಯಾರೂ ನಂಬುವುದಿಲ್ಲ.

ನಮಗೆ ಒಬ್ಬಳೇ ಮಗಳು, ಡೋರೀನ್. ಅವಳು ತೊಟ್ಟಿಲಲ್ಲಿ ಅತ್ತದ್ದನ್ನು ನಾನು ಕೇಳಿದ್ದೇನೆ, ಶಾಲೆಯಿಂದ ಬಂದು ಬಾಯಿಪಾಠ ಒಪ್ಪಿಸಿದ್ದನ್ನು ಅರ್ಧಂಬರ್ಧ ಕೇಳಿದ್ದೇನೆ, ಆಮೇಲಿನದೆಲ್ಲ ಬರೀ ನೋಡಿದ್ದು. ಅವಳು ನಮ್ಮ ಪುಟ್ಟ ಚರ್ಚಾದ ಚಾಪೆಲ್ಲಿನಲ್ಲಿ ಹಾಡಲು ನಿಂತಾಗ ನಾನು ಮುಂದಿನ ಬೆಂಚಿನಲ್ಲಿ ಕೂತು ಅವಳ ಬಾಯಿಯನ್ನೇ ನೋಡುತ್ತಿದ್ದೆ. ಸ್ವರ ಮೇಲೇರುವಾಗ ಅವಳ ಮೇಲ್ದುಟಿಯ ಎಡಭಾಗ ಒಂಚೂರು ಎತ್ತಿ, ಪಕ್ಕದ ಹಲ್ಲಿನ ಮೇಲೆ ಏರಿ ಕೂತ ಒಂದು ಓರೆ ಹಲ್ಲು ಕಾಣುತ್ತದೆ. ಅದು ಕಂಡಿತೆಂದರೆ ಹಿಂದಿನ ಬೆಂಚಿನ ಹೆಂಗಸರು ಕರವಸ್ತ್ರ ಹುಡುಕುತ್ತಿದ್ದರು. ಅವಳ ದನಿ ಹೇಗಿದೆಯೆಂದು ನನ್ನನ್ನು ಕೇಳಿದರೆ ನಾನು ಆ ಹಲ್ಲನ್ನು ತೋರಿಸಬೇಕಷ್ಟೆ. ಆ ಹಲ್ಲು ನನ್ನ ತಾಯಿಯದು, ಆಮೇಲೆ ನನ್ನದು. ನನ್ನದನ್ನು ಮದುವೆಗೆ ಮುಂಚೆಯೇ ಉಳಿದ ಹಲ್ಲುಗಳೊಂದಿಗೆ ಕೀಳಿಸಿ ಕಟ್ಟಿಸಿದ ಹಲ್ಲು ಹಾಕಿಸಿದರು, ಮುಂದೆ ಗಂಡನಿಗೆ ಹಲ್ಲಿನ ಖರ್ಚು ಬಾರದಿರಲೆಂದು ನಮ್ಮಲ್ಲಿ ಮದುವೆಯ ಹೆಣ್ಣಿಗೆ ಅದೇ ದೊಡ್ಡ ಉಡುಗೊರೆ. ಹಾಗಾಗಿ ಈಗ ಅದು ಉಳಿದಿರುವುದು ಡೋರೀನಳ ಬಾಯಲ್ಲಿ ಮಾತ್ರ.

ಅವಳು ಲಂಡನ್ನಿಗೆ ಬಂದು ತಮ್ಮ ಕಂಪನಿಯಲ್ಲಿ ಹಾಡಿದ್ದು ತಮಗೆ ಗೊತ್ತೇ ಇದೆ. ತಾವು ಅವಳ ದನಿಯನ್ನು ರೆಕಾರ್ಡಿನೊಳಗೆ ಹಾಕಿಕೊಂಡಿರಿ, ಹೆಸರನ್ನು ಮರೆತಿರಿ. ಕೆಲಸದ ಒತ್ತಡದಲ್ಲಿ ಹಾಗಾಗುತ್ತದೆ, ನಾನು ಆಕ್ಷೇಪಿಸುವುದಿಲ್ಲ. ಅವಳು ಮಾತ್ರ ಎಳೆಮನಸ್ಸಿನವಳು, ಮನೆಗೆ ಕಾಗದ ಬರೆದುಬಿಟ್ಟಳು: "ಅಮ್ಮಾ, ಅಕ್ಟೋಬರ್ ಏಳನೇ ತಾರೀಕು ಗುರುವಾರ ಸಂಜೆ ಟೀವಿ ಮುಂದೆ ಕೂತ್ಕೋ. ನಿನಗೋಸ್ಕರ ಬಾಯಿ ದೊಡ್ಡದಾಗಿ ತೆರೆದು ಹಾಡ್ತೀನಿ. ಒಂದು ಪದಾನೂ ಬಿಟ್ಟು ಹೋಗಲ್ಲ ನೋಡು."

ಆ ಗುರುವಾರ ನಮ್ಮ ಮುಂದಿನ ಕೋಣೆಯಲ್ಲಿ ಹದಿನಾಲ್ಕು ಹೆಂಗಸರು ಸೇರಿದ್ದರು, ಹದಿನಾಲ್ಕೂ ಜನ ನೇಕಾರರು. ಪಕ್ಕದ ಮನೆಯ ಆಗ್ನೆಸ್ ಹಿಂಡಲ್ ಹಿಟ್ಟಿನೊಳಗೆ ಆಲೂಗಡ್ಡೆ ತುಂಬಿ ಬೇಯಿಸಿದ ದೊಡ್ಡ ಪೈ ಮಾಡಿ ತಂದಿದ್ದಳು. ನಾನು ಚಾಪೆಲ್ಲಿಗೆ ಹಾಕುವ ಟೋಪಿ ಹಾಕಿಕೊಂಡು ಪರದೆಯಿಂದ ಒಂದು ಮೊಳ ದೂರದಲ್ಲಿ ಕೂತೆ. ಟೀವಿಯಲ್ಲಿ ಮೊದಲು ಕೆಲವು ಹುಡುಗರು ಬಂದು, ಹಣೆಯ ಮೇಲಿನ ಕೂದಲನ್ನು ಕೊಡವಿ, ಕರೆಂಟಿನ ತಂತಿಯನ್ನು ಎಲ್ಲಿಗೂ ಸಿಕ್ಕಿಸದ ಗಿಟಾರುಗಳನ್ನು ಶ್ರದ್ಧೆಯಿಂದ ಬಾರಿಸಿ ಹೋದರು. ಆಮೇಲೆ ನಮ್ಮ ಹಾಡು ಶುರುವಾಯಿತೆಂದು ಕ್ಲಿಫರ್ಡ್ ನನ್ನ ಭುಜ ತಟ್ಟಿದರು. ಪರದೆಯ ಮೇಲೆ ಹೊಂಗೂದಲಿನ, ಹಾಲುಬಿಳುಪಿನ ಹಲ್ಲಿನ, ನಾನು ಜನ್ಮದಲ್ಲಿ ಕಾಣದ ಒಬ್ಬ ಹುಡುಗಿ ನಿಂತಿದ್ದಳು.

ಡೋರೀನ್ ಇವಳ ಹಿಂದಿನಿಂದ ಬರುತ್ತಾಳೇನೋ ಎಂದು ಕಾದೆ. ಬರಲಿಲ್ಲ. ತಿರುಗಿ ನೋಡಿದರೆ ಯಜಮಾನರ ಕಣ್ಣಲ್ಲಿ ಧಾರಾಕಾರ ನೀರು.

"ಯಾಕ್ರೀ ಅಳ್ತಿದೀರಾ? ಯಾರ್ರೀ ಅವಳು?" ಎಂದೆ.

"ನಮ್ ಡೋರೀನ್ ಕಣೇ! ಎಷ್ಟ್ ಚೆನ್ನಾಗಿ ಹಾಡ್ತಿದಾಳೆ!"

"ನಿಮ್ ತಲೆ. ಡೋರೀನ್ ಎಲ್ಲಿದಾಳೆ ಇಲ್ಲಿ?"

ಅವರು ಕಣ್ಣು ಮುಚ್ಚಿಕೊಂಡು ಕಿವಿಯನ್ನು ತೋರಿಸಿದರು. ಆ ಕೋಣೆಯಲ್ಲಿ ಅವಳನ್ನು ಕೇಳಿದವರು ಅವರೊಬ್ಬರೇ, ಕಾಣದೆ ಕೂತವರು ನಾವು ಹದಿನೈದು ಮಂದಿ. ಇಡೀ ದೇಶಕ್ಕೆ, ಹಾಲು ಹಾಕುವವನಿಗೆ, ಬೀದಿ ನಾಯಿಗೆ ಸಿಕ್ಕಿದ ನನ್ನ ಮಗಳು ಅವಳ ತಾಯಿಗೆ ಮಾತ್ರ ಸಿಗಲಿಲ್ಲ. ಪೈ ಹಾಗೆಯೇ ಉಳಿಯಿತು.

ಆ ಬಿಳಿಹಲ್ಲಿನ ಕುಮಾರಿಯ ಬಗ್ಗೆಯೂ ಎರಡು ಮೆಚ್ಚುಗೆಯ ಮಾತು ಹೇಳದಿದ್ದರೆ ತಪ್ಪಾದೀತು. ಕ್ಯಾಂಡಿ ಫೇರ್ ಎಂಬ ಹೆಸರನ್ನು ಅವಳಿಗೆ ತಾವೇ ಇಟ್ಟಿರಂತೆ. ಡೋರೀನಳ ರೆಕಾರ್ಡ್ ತಿರುಗುತ್ತಿರುವಾಗ ಮೊದಲ ಚರಣಕ್ಕೆ ಅವಳು ಅಚ್ಚುಕಟ್ಟಾಗಿ ತುಟಿಯಾಡಿಸಿದಳು. ಎರಡನೆಯದು ಮರೆತುಹೋಯಿತು ಪಾಪ. ದೇಶವೆಲ್ಲ ತಲೆದೂಗುತ್ತಿರುವಾಗ ಅವಳು ಮುಗುಳ್ನಗುತ್ತ, "ಅಯ್ಯೋ ಮುಂದೇನೋ, ಏನೋ ಚಂದ್ರ, ಏನೋ ಮಣ್ಣು, ಈ ಶೂ ಬೇರೆ ಕಚ್ತಿದೆ" ಎಂದು ತುಟಿಯಾಡಿಸಿದ್ದನ್ನು ಹದಿನಾಲ್ಕು ಜನರೂ ಓದಿ ಬಿದ್ದು ಬಿದ್ದು ನಕ್ಕರು. ನಿಜ ಹೇಳಬೇಕೆಂದರೆ ಅದು ತಮ್ಮ ಕವಿಗಳ ಸಾಹಿತ್ಯಕ್ಕಿಂತ ಎಷ್ಟೋ ವಾಸಿ. ಕ್ಲಿಫರ್ಡ್ ಇಡೀ ಹಾಡನ್ನು ಕೇಳಿಸಿಕೊಂಡು ನನಗೆ ಬರೆದುಕೊಟ್ಟಿದ್ದಾರೆ, ಒಂದು ಪೋಸ್ಟ್‌ಕಾರ್ಡಿನ ಅರ್ಧಕ್ಕೆ ಮುಗಿಯಿತು. ಅದರಲ್ಲಿ ‘ಬೇಬಿ’ ಇಪ್ಪತ್ತಾರು ಸಲ, ‘ಓ’ ಹದಿನೇಳು ಸಲ, ಅರ್ಥ ಒಂದು ಸಲವೂ ಇಲ್ಲ. ಕಿಟಕಿಯ ದೀಪ ಆರಿಸಬೇಡ ಎಂದು ಎರಡೂವರೆ ನಿಮಿಷ ಗೋಗರೆಯುವ ಬದಲು ಹಾಡಿನೊಳಗಿನ ಹುಡುಗಿ ಎದ್ದು ಹೋಗಿ ಬಾಗಿಲು ತಟ್ಟಬಾರದೇಕೆ ಎಂದು ಆಗ್ನೆಸ್ ಕೇಳುತ್ತಾಳೆ. ಇಂಥ ಹಾಡನ್ನೂ ಜನ ಕಣ್ಣೀರಿಟ್ಟು ಕೇಳುವಂತೆ ಮಾಡಿದ್ದು ಯಾವ ಗಂಟಲು ಎಂಬುದನ್ನು ತಾವು ಒಮ್ಮೆ ಯೋಚಿಸಬೇಕು.

ಶನಿವಾರ ಡೋರೀನ್ ಮನೆಗೆ ಬಂದಳು. ಬಾಗಿಲಲ್ಲಿ ನಿಂತು ಏನೋ ಹೇಳಿದಳು, ನನಗೆ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿದಳು, ಆಗಲೂ ತಿಳಿಯಲಿಲ್ಲ. ನನ್ನ ಮಗಳು, ಮಾತು ಬರುವ ಮೊದಲೇ ನನ್ನ ಕಡೆ ಮುಖ ತಿರುಗಿಸಿ ತುಟಿಯಾಡಿಸಲು ಕಲಿತವಳು, ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುತ್ತಿದ್ದಳು. ಕೈ ಎಳೆದರೆ ಮುಖ ತಿರುಗಿಸುತ್ತಾಳೆ. ಕೊನೆಗೆ ಕ್ಲಿಫರ್ಡ್ ಕೇಳಿಸಿಕೊಂಡು ನನಗೆ ತಲುಪಿಸಿದರು: ಕಾರ್ಯಕ್ರಮದ ದಿನ ಬೆಳಿಗ್ಗೆ ತಾವು ಅವಳನ್ನು ಕನ್ನಡಿಯ ಮುಂದೆ ನಿಲ್ಲಿಸಿ, "ದನಿಯೇನೋ ಬಂಗಾರ ಕಣಮ್ಮ, ಆದರೆ ಆ ಹಲ್ಲು ಇಟ್ಕೊಂಡು ಟೀವಿಗೆ ಬಂದ್ರೆ ಜನ ಊಟ ಬಿಟ್ಟು ಏಳ್ತಾರೆ" ಎಂದಿರಂತೆ. ಸುತ್ತ ನಿಂತವರು ನಕ್ಕರಂತೆ.

ತಮ್ಮ ಹಾಸ್ಯಪ್ರಜ್ಞೆಯನ್ನು ಎಷ್ಟು ಹೊಗಳಿದರೂ ಸಾಲದು. ಎಂಟುನೂರು ಮಗ್ಗಗಳು ನಲವತ್ತು ವರ್ಷ ಸೇರಿ ಮಾಡಲಾಗದ್ದನ್ನು ತಾವು ಒಂದೇ ಮಾತಿನಲ್ಲಿ ಮಾಡಿದಿರಿ. ಮಗ್ಗಗಳು ನನ್ನ ಕಿವಿ ತೆಗೆದುಕೊಂಡರೂ ಮಗಳನ್ನು ಬಿಟ್ಟಿದ್ದವು. ಈಗ ಮೂರು ವಾರದಿಂದ ಅವಳು ನನ್ನ ಎದುರೇ ಕೂತು ಚಹಾ ಕುಡಿಯುತ್ತಾಳೆ, ಕೈ ಇಳಿಸುವುದಿಲ್ಲ. ನಾನು ಕಿವುಡಿಯಾದದ್ದು ಈಗ, ಮಾನ್ಯರೇ, ಈ ಅಕ್ಟೋಬರಿನಲ್ಲಿ. ಹೊರಗೆ ಹೋದರೆ ಹಾಲಿನವನ ತುಟಿಯ ಮೇಲೆ ಅದೇ ಹಾಡು, ಬಸ್‌ಸ್ಟಾಪಿನ ಹುಡುಗಿಯರ ತುಟಿಯ ಮೇಲೆ ಅದೇ ಹಾಡು, ನಮ್ಮ ಪಾದ್ರಿಗಳು ಗುಲಾಬಿ ಗಿಡ ಕತ್ತರಿಸುವಾಗಲೂ ‘ಬೇಬಿ’ ಎನ್ನುತ್ತಿರುತ್ತಾರೆ. ಊರಿನ ಎಲ್ಲರ ಬಾಯಲ್ಲೂ ಅದನ್ನು ನೋಡಿದ್ದೇನೆ, ನನ್ನ ಮಗಳ ಬಾಯಲ್ಲಿ ಒಂದು ಸಲವೂ ನೋಡಿಲ್ಲ.

ಆದ್ದರಿಂದ ನನ್ನ ವಿನಂತಿ ಬಹಳ ಚಿಕ್ಕದು. ಹನ್ನೊಂದನೆಯ ತಾರೀಕು ಗುರುವಾರ ಇದೇ ಹಾಡು ಮತ್ತೆ ಟೀವಿಯಲ್ಲಿ ಬರಲಿದೆಯಂತೆ. ಅಂದು ಎರಡೂವರೆ ನಿಮಿಷ ಡೋರೀನಳ ಬಾಯನ್ನು, ಹಲ್ಲಿನ ಸಮೇತ, ಪರದೆ ತುಂಬ ತೋರಿಸತಕ್ಕದ್ದು. ಅವಳು ಒಪ್ಪುವುದಿಲ್ಲ, ನಿಜ. ಒಪ್ಪಿಸುವ ಕೆಲಸ ತಮ್ಮದು, ಕೆಡಿಸಿದವರು ತಾವೇ ತಾನೇ. ಸ್ವತಃ ಇಲ್ಲಿಗೆ ಬಂದು, ಅವಳ ಮುಂದೆ ಟೋಪಿ ತೆಗೆದು ನಿಂತು, ಅಂದು ಆಡಿದ ಮಾತು ಶುದ್ಧ ಕೊಬ್ಬಿನ ಮಾತು ಎಂದು ನಿಧಾನವಾಗಿ, ನನಗೂ ಓದಲು ಬರುವಂತೆ ಹೇಳಬೇಕು. ಅಷ್ಟಾಗದಿದ್ದರೆ ಇನ್ನೊಂದು ಸುಲಭದ ಉಪಾಯವಿದೆ: ಈವರೆಗೆ ಮಾರಾಟವಾದ ಅಷ್ಟೂ ರೆಕಾರ್ಡುಗಳನ್ನು ಮನೆಮನೆಗೆ ಹೋಗಿ ವಾಪಸು ಪಡೆದು, ಅದರೊಳಗಿಂದ ನನ್ನ ಮಗಳ ದನಿಯನ್ನು ನೂಲು ಬಿಚ್ಚಿದಂತೆ ಬಿಚ್ಚಿ, ಉಂಡೆ ಸುತ್ತಿ, ಅಂಚೆಯಲ್ಲಿ ಕಳಿಸಿಕೊಡಬೇಕು. ಆಮೇಲೆ ಕ್ಯಾಂಡಿ ಕುಮಾರಿ ತನ್ನ ಸ್ವಂತ ಗಂಟಲಿನಲ್ಲಿ ಶೂ ಕಚ್ಚುವ ಹಾಡನ್ನು ಹಾಡಿಕೊಂಡು ಪಟ್ಟಿಯ ತುದಿಗೇರಲಿ, ನಮ್ಮ ಅಭ್ಯಂತರವಿಲ್ಲ. ಆ ಹುಡುಗಿಯ ಮೇಲೆ ನನಗೆ ಕೋಪವೂ ಇಲ್ಲ. ಅವಳ ಕಾಲಿಗೆ ಸರಿಯಾದ ಅಳತೆಯ ಶೂ ಕೊಡಿಸಿ.

ತಮ್ಮ ಅಮೂಲ್ಯ ಸಮಯವನ್ನು ಒಂದು ಓರೆ ಹಲ್ಲಿನ ಸಲುವಾಗಿ ಇಷ್ಟೊಂದು ತೆಗೆದುಕೊಂಡದ್ದಕ್ಕೆ ಕ್ಷಮೆ ಕೋರುತ್ತ, ಕೊಕ್ಕರೆಯ ಇನ್ನೊಂದು ಕಾಲಿನ ಕ್ಷೇಮವನ್ನೂ ಬಯಸುತ್ತ,

ತಮ್ಮ ವಿಶ್ವಾಸಿ, ಮತ್ತು ತಮ್ಮ ಗಾಯಕಿಯ ತಾಯಿ,
ವಿನಿಫ್ರೆಡ್ ಗ್ರಿಮ್‌ಷಾ

ಮರೆತ ಮಾತು: ತಾವು ಮೀಸೆ ಬಿಡದೆ ನುಣ್ಣಗೆ ಕ್ಷೌರ ಮಾಡಿಕೊಳ್ಳುವುದಕ್ಕಾಗಿ ಆಲ್ಮಾ ಬೀದಿಯ ಹೆಂಗಸರೆಲ್ಲರ ಪರವಾಗಿ ಕೃತಜ್ಞತೆಗಳು. ಅಂದಿನ ಕಾರ್ಯಕ್ರಮದ ಕೊನೆಗೆ ಕುಣಿಯುವ ಹುಡುಗರ ಕಡೆ ತಿರುಗಿದ ಕ್ಯಾಮೆರಾ, ಪಕ್ಕದಲ್ಲಿ ಪಟ್ಟೆ ಟೈ ಕಟ್ಟಿದ ಒಬ್ಬರೊಂದಿಗೆ ಮಾತಾಡುತ್ತ ನಿಂತಿದ್ದ ತಮ್ಮ ಮೇಲೂ ಒಂದಿಷ್ಟು ಹೊತ್ತು ನಿಂತಿತ್ತು. ಪತ್ರಿಕೆಯಲ್ಲಿ ತಮ್ಮ ಚಿತ್ರ ನೋಡಿದ್ದರಿಂದ ತಕ್ಷಣ ಗುರುತು ಸಿಕ್ಕಿತು. ತಮ್ಮ ಕಂಪನಿಯ ಅಧ್ಯಕ್ಷರನ್ನು "ಆ ಮುದಿ ಕೋಣಕ್ಕೆ ಸಂಗೀತದ ಗಂಧಗಾಳಿ ಇಲ್ಲ" ಎಂದು ತಾವು ಬಣ್ಣಿಸಿದ್ದನ್ನು ಹದಿನಾಲ್ಕು ಜನ ಓದಿ, ಹದಿನಾಲ್ಕು ಜನವೂ ಒಂದೇ ಪಾಠ ಒಪ್ಪಿಸಿದರು. ಹನ್ನೊಂದನೆಯ ತಾರೀಕಿನವರೆಗೆ ನಾವು ಅದನ್ನು ಅಧ್ಯಕ್ಷರಿಗೆ ಬರೆಯುವುದಿಲ್ಲ, ಅವರು ಕೋ-ಆಪ್ ಅಂಗಡಿಯ ಬಾಗಿಲು ಓದುವವರಲ್ಲವೆಂದು ನಂಬಿದ್ದೇವೆ. ಆಮೇಲೆ ಪಟ್ಟೆ ಟೈನವರು, ಹಾಡಿದವಳು ಯಾರೆಂದು ಕೇಳಿದರು. ತಾವು ನಕ್ಕು, "ಯಾವುದೋ ಗಿರಣಿ ಊರಿನ ಹುಡುಗಿ. ಯಾರಿಗೂ ಗೊತ್ತಾಗಲ್ಲ ಬಿಡಿ" ಎಂದಿರಿ. ಡೋರೀನ್ ಈಗ ನನ್ನ ಬೆನ್ನ ಹಿಂದೆ ನಿಂತು ಈ ಕಾಗದ ಓದುತ್ತಿದ್ದಾಳೆ, ತಿರುಗಿ ನೋಡಿದರೆ ಮತ್ತೆ ಬಾಯಿಗೆ ಕೈ ಹೋಗಿದೆ. ಅವಳಿಗೆ ಹೇಳಿದ್ದನ್ನೇ ತಮಗೂ ಹೇಳುತ್ತೇನೆ: ಬಾಯಿಗೆ ಕೈ ಅಡ್ಡ ಹಿಡಿಯಬೇಕಾದದ್ದು ನನ್ನ ಮಗಳಲ್ಲ, ತಾವು.